ತುಕ್ಕು ತೆಗೆದ ತಪ್ಪಿಗೆ

ಸಲೂನಣ್ಣನ ಮನೆಯಲ್ಲಿ ಒಬ್ಬರ ಮೇಲೊಬ್ಬರು ಕತ್ತಿ ಮಸೆಯುವುದು ಮೊದಲಿಂದಲೂ ನಡೆದೇ ಇತ್ತು. ನಿಜವಾದ ಕತ್ತಿಗಳು ಸಿಕ್ಕಿದ್ದು ಮಾತ್ರ ಅವನ ಅಪ್ಪ ತೀರಿಕೊಂಡು ಆರು ತಿಂಗಳಾದ ಮೇಲೆ.

ದೊಡ್ಡ ಪಾತ್ರೆಯ ಮುಚ್ಚಳ ಹುಡುಕಲು ಅಡುಗೆಮನೆಯ ಅಟ್ಟ ಹತ್ತಿದ ಹೆಂಡತಿ, ಮುಚ್ಚಳ ಬಿಟ್ಟು ಒಂದು ಮರದ ಪೆಟ್ಟಿಗೆ ಹಿಡಿದುಕೊಂಡು ಇಳಿದಳು. ಊಟದ ಮೇಜಿನ ಮೇಲೆ ಆಲೂಗಡ್ಡೆ ಸಿಪ್ಪೆಯ ಪಕ್ಕದಲ್ಲಿಟ್ಟು ತೆರೆದರೆ ಒಳಗೆ ಏಳು ಗುಳಿ, ಏಳು ಗುಳಿಯಲ್ಲಿ ಮಡಚಿಟ್ಟ ಏಳು ಕ್ಷೌರದ ಕತ್ತಿ. ಅಲಗು ಯಾವುದು, ಹಿಡಿ ಯಾವುದು ಎಂದು ಗೊತ್ತಾಗದಷ್ಟು ತುಕ್ಕು.

“ಮಾವನ ಕತ್ತಿಗಳಾ ಅತ್ತೆ?”

ಸಲೂನಣ್ಣನ ತಾಯಿ, ಅಂದರೆ ಮನೆಯ ಅಜ್ಜಿ, ಚಹಾದಲ್ಲಿ ಬ್ರೆಡ್ಡು ಅದ್ದುತ್ತಿದ್ದವಳು ಅದನ್ನು ಅಲ್ಲೇ ಮುಳುಗಲು ಬಿಟ್ಟಳು. “ಮುಚ್ಚು ಅದನ್ನ. ಎಲ್ಲಿತ್ತೋ ಅಲ್ಲೇ ಇಡು.”

“ಯಾಕತ್ತೆ?”

“ಇಡು ಅಂದ್ರೆ ಇಡು. ಯಾರೋ ಕೊಟ್ಟಿದ್ದು.”

“ಯಾರು?”

“ಯಾರೋ.”

ಅಜ್ಜಿಯ ಮಾತಿಗೆ ಆ ಮನೆಯಲ್ಲಿ ಮೊದಲಿನ ಹರಿತ ಉಳಿದಿರಲಿಲ್ಲ. ಪೆಟ್ಟಿಗೆ ತೆರೆದೇ ಇತ್ತು. ಮಧ್ಯಾಹ್ನ ಊಟಕ್ಕೆ ಬಂದ ಸಲೂನಣ್ಣ ಕೈ ತೊಳೆಯುವುದನ್ನೂ ಮರೆತು ಅದರ ಮುಂದೆ ಕೂತ. ಮೂರು ಕುರ್ಚಿಯ ಅವನ ಸಲೂನು ಅಪ್ಪನಿಂದ ಬಂದದ್ದು. ಅಪ್ಪನ ಫೋಟೋ ಕನ್ನಡಿಯ ಮೇಲೆ ನೇತಾಡುತ್ತಿತ್ತು. ಕುರ್ಚಿಗೆ ಕೂತವರೆಲ್ಲ ಆ ಫೋಟೋ ನೋಡಲೇಬೇಕು, ಈ ಮಾತು ಕೇಳಲೇಬೇಕು: “ನಮ್ಮಪ್ಪ ನಲವತ್ತೈದು ವರ್ಷ ಈ ಬೀದಿಯವರ ತಲೆ ಬೋಳಿಸಿದ್ರು. ಆದ್ರೆ ಒಬ್ಬರ ತಲೇನೂ ಬೋಳಿಸ್ಲಿಲ್ಲ. ಇನ್ನೊಬ್ಬರ ಗುಂಡುಪಿನ್ನು ಕೂಡಾ ಮುಟ್ಟಿದವರಲ್ಲ.”

ಸಂಜೆಯೊಳಗೆ ಸುದ್ದಿ ಎರಡು ಬೀದಿ ದಾಟಿ ಅವನ ಅಕ್ಕನ ಮನೆ ಮುಟ್ಟಿತು. ಅಕ್ಕನಿಗಿಂತ ಮುಂಚೆ ಭಾವ ಬಂದ. ವಿದ್ಯುತ್ ಕಚೇರಿಯಲ್ಲಿ ಮೀಟರ್ ಓದಿ ನಿವೃತ್ತನಾದ ಮನುಷ್ಯ. ಜಗತ್ತಿನ ಎಲ್ಲ ವಿಷಯವನ್ನೂ ಹೊರಗಿನಿಂದ ಇಣುಕಿ ಅಂಕಿ ಬರೆದುಕೊಂಡು ಹೋಗುವುದು ಅವನ ಅಭ್ಯಾಸ. ಹೆಂಡತಿಯ ಕಡೆಯವರು ಬೆನ್ನ ಹಿಂದೆ ‘ಎಲ್ಲಾಗೊತ್ತಪ್ಪ’ ಎನ್ನುತ್ತಿದ್ದರು.

“ಇದು ವಾರದ ಸೆಟ್ಟು ಕಣಯ್ಯಾ,” ಎಂದ ಭಾವ.

“ಅಂದ್ರೆ ಭಾವ?”

“ಸೋಮವಾರಕ್ಕೊಂದು, ಮಂಗಳವಾರಕ್ಕೊಂದು. ಹಿಂದಿನ ಶ್ರೀಮಂತರು ದಿನಕ್ಕೊಂದು ಕತ್ತಿಯಲ್ಲಿ ಗಡ್ಡ ತೆಗೀತಿದ್ರು. ಕತ್ತಿ ಬೆನ್ನ ಮೇಲೆ ವಾರದ ಹೆಸರು ಕೆತ್ತಿರುತ್ತೆ. ಏಳೂ ಇದ್ರೆ ಭಾರೀ ಬೆಲೆ. ನಿಮ್ಮಕ್ಕ ಹೇಳಿದ್ಲು, ಅದರಲ್ಲಿ ಅರ್ಧ ನಮಗೆ ಬರ್ಬೇಕು ಅಂತ.”

“ನಾನ್ಯಾವಾಗ ಹೇಳಿದೆ?” ಎಂದಳು ಆಗಷ್ಟೇ ಚಪ್ಪಲಿ ಬಿಡುತ್ತಿದ್ದ ಅಕ್ಕ.

“ಮನಸ್ಸಲ್ಲಿ ಹೇಳ್ಕೊಂಡೆಯಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ್ದೀನಿ, ನಂಗೆ ಕೇಳಿಸಲ್ವಾ?”

ಸಲೂನಣ್ಣನ ಹೆಂಡತಿ ಹೊಲಿಗೆ ಮಷೀನಿನ ಮೇಲಿಂದ ತಲೆ ಎತ್ತಿದಳು. “ಏಳನ್ನ ಅರ್ಧ ಮಾಡೋದು ಹೇಗಣ್ಣಾ? ಮೂರೂವರೆ ಕತ್ತಿ ತಗೊಂಡು ಹೋಗ್ತೀರಾ?”

“ಮಾರಿ ದುಡ್ಡು ಹಂಚ್ಕೊಳ್ಳೋದಮ್ಮಾ.”

“ಹಾಗಾದ್ರೆ ಮೊದಲು ಸಲೂನಿಗೊಂದು ಕುರ್ಚಿ ಬರ್ಲಿ. ಆ ಮಧ್ಯದ ಕುರ್ಚಿಯಲ್ಲಿ ಕೂತವರು ಶೇವ್ ಮುಗಿಯೋ ಹೊತ್ತಿಗೆ ನೆಲಕ್ಕೆ ಇಳಿದಿರ್ತಾರೆ. ಇವರು ಮಂಡಿ ಊರ್ಕೊಂಡು ಮೀಸೆ ಕತ್ತರಿಸ್ತಾರೆ.”

“ಯಾರ ಅಪ್ಪಂದು ಯಾರು ಮಾರೋದು?” ಸಲೂನಣ್ಣ ಗದರಿದ. ಮಾರುವ ಮನಸ್ಸಿತ್ತೋ ಇಟ್ಟುಕೊಳ್ಳುವ ಮನಸ್ಸಿತ್ತೋ ಅವನಿಗೇ ತಿಳಿಯದ್ದರಿಂದ ಗದರುವುದೇ ಸುಲಭವಾಗಿತ್ತು.

ಮೂರನೆಯ ದಿನ ಭಾವ ಹಳೇ ಸಾಮಾನಿನ ವ್ಯಾಪಾರಿಯೊಬ್ಬನನ್ನು ಕರೆತಂದ. ಅವನು ಕತ್ತಿಗಳನ್ನು ಕಿಟಕಿಗೆ ಹಿಡಿದ, ಉಗುರಿನಿಂದ ತಟ್ಟಿದ, ಒಂದನ್ನು ಮೂಸಿಯೂ ನೋಡಿದ.

“ಉಕ್ಕು ಒಳ್ಳೇದು. ಸೆಟ್ ಆಗಿದ್ರೆ ನಲವತ್ತು ಸಾವಿರ. ಬಿಡಿ ಬಿಡಿ ಆಗಿದ್ರೆ ಒಂದಕ್ಕೆ ಸಾವಿರ ಸಿಕ್ರೆ ಪುಣ್ಯ. ತುಕ್ಕಿನ ಕೆಳಗೆ ವಾರದ ಹೆಸರಿದೆಯಾ ನೋಡ್ಬೇಕು. ಆದ್ರೆ ಜೋರಾಗಿ ಉಜ್ಜಬೇಡಿ, ಉಜ್ಜಿದ್ರೆ ಬೆಲೆ ಹೋಗುತ್ತೆ. ಉಜ್ಜದಿದ್ರೆ ಬೆಲೆ ಗೊತ್ತಾಗಲ್ಲ.”

“ಹಾಗಾದ್ರೆ ಉಜ್ಜಬೇಕಾ, ಬೇಡ್ವಾ?”

“ಉಜ್ಜಿ. ಉಜ್ಜದ ಹಾಗೆ ಉಜ್ಜಿ. ಐದಾರು ವಾರ ಬಿಟ್ಟು ಬರ್ತೀನಿ.”

ಉಜ್ಜದ ಹಾಗೆ ಉಜ್ಜುವ ಕೆಲಸ ಮಗಳ ಪಾಲಿಗೆ ಬಂತು. ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ ಹಾಕುವವಳು, ಇಪ್ಪತ್ತೊಂದು ವರ್ಷದವಳು. ಎಮರಿ ಪೇಪರಿನ ನಂಬರುಗಳು ಅವಳಿಗೆ ಮನೆಯವರ ಹುಟ್ಟುಹಬ್ಬಕ್ಕಿಂತ ಚೆನ್ನಾಗಿ ನೆನಪಿದ್ದವು. ಮೊಬೈಲಿನಲ್ಲಿ ಹದಿನಾಲ್ಕು ವಿಡಿಯೋ ನೋಡಿ ಮೇಜಿನ ಅರ್ಧ ಭಾಗಕ್ಕೆ ಹಳೇ ಪತ್ರಿಕೆ ಹಾಸಿದಳು. ಇನ್ನರ್ಧದಲ್ಲಿ ನಾಲ್ಕು ಜನ ಮೊಣಕೈಗೆ ಮೊಣಕೈ ತಾಗಿಸಿ ಊಟ ಮಾಡಬೇಕಾಯಿತು. ಕತ್ತಿಗಳನ್ನು ಎರಡು ದಿನ ಮಷೀನೆಣ್ಣೆಯಲ್ಲಿ ನೆನೆಸಿದಳು. ಹಿಡಿಗಳ ಸಣ್ಣ ಮೊಳೆ ಬಿಡಿಸಿದಳು. ಬಾಟಲಿ ಬಿರಡೆಗೆ ಎಮರಿ ಪೇಪರು ಸುತ್ತಿ, ಬೆನ್ನಿನಿಂದ ಅಲಗಿನ ಕಡೆಗೆ ಮಾತ್ರ, ಒಂದೇ ದಿಕ್ಕಿನಲ್ಲಿ, ಮಗುವಿನ ಮೂಗು ಒರೆಸುವಷ್ಟು ಮೆಲ್ಲಗೆ ತಿಕ್ಕಿದಳು.

“ಅನ್ನ ಎಲ್ಲಾ ಎಣ್ಣೆ ವಾಸನೆ,” ಎಂದಳು ತಾಯಿ.

“ಎಣ್ಣೆ ಕಮ್ಮಿ ಹಾಕು ಅಂತ ಡಾಕ್ಟರು ಹೇಳಿದ್ದು ಅಡುಗೆಗಮ್ಮಾ, ಕತ್ತಿಗಲ್ಲ.”

ಅಜ್ಜಿ ತಟ್ಟೆ ಎತ್ತಿಕೊಂಡು ಬಾಗಿಲ ಬಳಿಯ ಸ್ಟೂಲಿಗೆ ಹೋಗಿ ಕೂತಳು. “ತುಕ್ಕು ಹಿಡಿದದ್ದನ್ನ ತುಕ್ಕು ಹಿಡಿಯೋಕೆ ಬಿಡ್ರೇ,” ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ಕತ್ತಿಯ ಬೆನ್ನು ಬೆಳಗಿತು. ಸೋಮವಾರವಿರಲಿಲ್ಲ. ಯಾರದೋ ಹೆಸರಿನ ಎರಡು ಮೊದಲಕ್ಷರಗಳಿದ್ದವು. ಎರಡನೆಯದರ ಮೇಲೆ ಮೊಳೆಯಿಂದ ಗೀರಿದ ಹೂವು. ಮೂರನೆಯದಕ್ಕೆ ಮೂರು ಚುಕ್ಕಿ. ನಾಲ್ಕನೆಯದರ ಮೇಲೆ ಇರುವೆಯಷ್ಟು ಸಣ್ಣ ಹಲ್ಲುಚಕ್ರ.

“ಹೂವು ಅಂದ್ರೆ ಬುಧವಾರ ಇರ್ಬೇಕು,” ಎಂದ ಭಾವ.

“ಮಾವ, ಐದನೇದಕ್ಕೂ ಹೂವಿದೆ,” ಎಂದಳು ಮಗಳು.

“ಹಾಗಾದ್ರೆ ಎರಡು ಬುಧವಾರ.”

ಏಳೂ ಬೆಳಗಿದಾಗ ಮನೆ ಕತ್ತಲಾಯಿತು. ಏಳು ಕತ್ತಿ, ಏಳು ಬೇರೆ ಕೈಯ ಗುರುತು. ಎರಡು ಹೂವುಗಳು ಕೂಡ ಒಂದೇ ಕೈಯವಲ್ಲ. ಒಂದಕ್ಕೆ ಎಸಳು ಐದು, ಇನ್ನೊಂದಕ್ಕೆ ಗೀರಿದವನ ತಾಳ್ಮೆ ಮುಗಿಯುವಷ್ಟು.

“ಏಳು ಜನರ ಸಾಮಾನು,” ಹೆಂಡತಿ ಬಟ್ಟಲಿಗೆ ಬೇಳೆ ಬಡಿಸುತ್ತ ಯಾರನ್ನೂ ನೋಡದೆ ಹೇಳಿದಳು. “ಮಾವನ ಹತ್ರ ಹೇಗೆ ಬಂತೋ.”

“ಹೇಗೆ ಬಂತೋ ಅಂದ್ರೆ?” ಸಲೂನಣ್ಣನ ಕೈ ತಟ್ಟೆಯಲ್ಲೇ ನಿಂತಿತು.

“ಕೇಳಿದೆ ಅಷ್ಟೇ.”

“ಕೇಳೋ ಥರ ಕೇಳಲಿಲ್ಲ ನೀನು.”

“ಗಿರಾಕಿಗಳು ಮರೆತು ಹೋಗಿದ್ದನ್ನ ಇಟ್ಕೊಂಡಿರಬಹುದು,” ಭಾವ ಸಂಧಾನಕ್ಕೆ ಇಳಿದ. “ಅದಕ್ಕೆ ಕಳ್ಳತನ ಅನ್ನಲ್ಲ. ಮರೆವಿನ ಲಾಭ ಅಂತಾರೆ.”

“ಭಾವ, ಕತ್ತಿ ಹಿಡ್ಕೊಂಡು ಯಾರು ಸಲೂನಿಗೆ ಬರ್ತಾರೆ? ಊಟಕ್ಕೆ ಕರೆದರೆ ಅನ್ನ ಕಟ್ಕೊಂಡು ಹೋಗ್ತೀರಾ?”

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸಲೂನಣ್ಣ ತಾಯಿಯ ಸ್ಟೂಲಿನ ಮುಂದೆ ಹೋಗಿ ನಿಂತ. “ಅಮ್ಮಾ, ನೀನಾದ್ರೂ ಹೇಳು. ಯಾರು ಕೊಟ್ಟಿದ್ದು?”

“ಯಾರೋ.”

“ಏಳು ಜನ ಯಾರೋನಾ?”

“ಹೂಂ. ಏಳು ಜನ ಯಾರೋ.”

ಅಪ್ಪ ಕಳ್ಳನಲ್ಲವೆಂದು ಮಗನಿಗೆ ಗೊತ್ತಿತ್ತು. ಗೊತ್ತಿರುವುದನ್ನು ತೋರಿಸುವ ದಾರಿ ಗೊತ್ತಿರಲಿಲ್ಲ. ಅಂಥವರು ಮಾಡುವ ಕೆಲಸವನ್ನೇ ಅವನೂ ಮಾಡಿದ: ಕದ್ದ ಮಾಲಾದರೆ ಬಚ್ಚಿಡಬೇಕು, ನಮ್ಮದಾದರೆ ಮೆರೆಸಬೇಕು ಎಂದುಕೊಂಡ. ಹಲ್ಲುಚಕ್ರದ ಕತ್ತಿಯನ್ನು ಆರಿಸಿ ಅಪ್ಪನ ಸಾಣೆಕಲ್ಲಿನ ಮೇಲೆ ಮೂರು ಬೆಳಿಗ್ಗೆ ಸಾಣೆ ಹಿಡಿದ. ತೊಗಲಿನ ಪಟ್ಟಿಗೆ ಎಳೆದ. ಮುಂಗೈ ಕೂದಲಿಗೆ ತಾಗಿಸಿದರೆ ಕೂದಲು ತಾನಾಗಿಯೇ ಮಲಗಿತು. ಕುದಿಯುವ ನೀರು, ಸ್ಪಿರಿಟ್ಟು ಎಲ್ಲ ಆದ ಮೇಲೆ ಸಲೂನಿನ ಬಾಗಿಲಿಗೆ ಒಂದು ರಟ್ಟು ತೂಗುಹಾಕಿದ: ‘ಅಜ್ಜನ ಕಾಲದ ಶೇವ್. ದರ ಎರಡರಷ್ಟು.’

ಬಂದವರ ಗಲ್ಲ ನುಣುಪಾಯಿತು. ಎದುರಿನ ಬೇಕರಿಯವನು ವಾರದಲ್ಲಿ ಎರಡು ಸಲ ಬಂದ. “ಬೆಣ್ಣೆ ಸವರಿದ ಹಾಗಿದೆ ಸಲೂನಣ್ಣಾ,” ಎಂದು ತನ್ನ ವೃತ್ತಿಯ ಭಾಷೆಯಲ್ಲಿ ಹೊಗಳಿದ. ಹೆಂಡತಿಯ ಕೋಪವೂ ಇಳಿಯಿತು. ಹೂವಿನ ಕತ್ತಿಯೊಂದನ್ನು ಅವಳೇ ಮಷೀನಿನ ಪಕ್ಕ ಇಟ್ಟುಕೊಂಡು ಹೊಲಿಗೆ ಬಿಚ್ಚಲು ಬಳಸತೊಡಗಿದಳು.

ಅಜ್ಜಿ ಮಾತ್ರ ಒಂದು ಬೆಳಿಗ್ಗೆ ಕೋಲೂರಿಕೊಂಡು ಸಲೂನಿಗೇ ಬಂದಳು. ಹದಿನೈದು ವರ್ಷದಿಂದ ಅವಳು ಆ ಮೆಟ್ಟಿಲು ಹತ್ತಿರಲಿಲ್ಲ.

“ಅದನ್ನ ಬದುಕಿರೋರ ಮುಖಕ್ಕೆ ಹಾಕಬೇಡ ಕಣೋ.”

“ಇನ್ಯಾರ ಮುಖಕ್ಕೆ ಹಾಕ್ಲಮ್ಮಾ? ಬದುಕಿರೋರೇ ದುಡ್ಡು ಕೊಡೋದು.”

ಸಲೂನು ನಕ್ಕಿತು. ಅಜ್ಜಿ ನಗಲಿಲ್ಲ. ಗಂಡನ ಫೋಟೋವನ್ನೊಮ್ಮೆ ದುರುಗುಟ್ಟಿ ನೋಡಿ, ಬಂದ ಹಾಗೇ ಕೋಲೂರಿಕೊಂಡು ಹೋದಳು.

ಹನ್ನೊಂದನೆಯ ಗಿರಾಕಿ ಗಡಿಯಾರ ರಿಪೇರಿಯವರು. ಎಪ್ಪತ್ತು ದಾಟಿದವರು, ಬೀದಿಯ ಕೊನೆಯಲ್ಲಿ ಅಂಗಡಿ. ಎಡಗಲ್ಲ ಮುಗಿದು ಬಲಗಲ್ಲದ ನೊರೆಗೆ ಕತ್ತಿ ಬರುವಾಗ ಅವರು ಸಲೂನಣ್ಣನ ಮಣಿಕಟ್ಟು ಹಿಡಿದರು.

“ನಿಲ್ಲು. ಅಲ್ಲಾಡಿಸಬೇಡ.”

ಅಂಗಿ ಜೇಬಿನಿಂದ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ತೆಗೆದು, ನೊರೆ ಸುರಿಯುತ್ತಿದ್ದ ಮುಖಕ್ಕೇ ಸಿಕ್ಕಿಸಿಕೊಂಡು ಕತ್ತಿಯ ಬೆನ್ನು ನೋಡಿದರು. ಸಲೂನಿನಲ್ಲಿದ್ದ ಆರು ಮಂದಿ ಪತ್ರಿಕೆ ಇಳಿಸಿದರು.

“ಇದು ನಮ್ಮಪ್ಪಂದು. ಈ ಚಕ್ರ ನಮ್ಮಪ್ಪ ಕೆತ್ತಿದ್ದು. ಅವರ ಸ್ಕ್ರೂಡ್ರೈವರಿಂದ ಚಮಚದವರೆಗೆ ಇದೇ ಗುರುತು. ಅವರು ಸತ್ತ ದಿನ ಇದು ಮನೆಯಿಂದ ಕಾಣೆಯಾಯ್ತು.”

“ಅಂಕಲ್, ಅದು…”

“ತಮ್ಮ ಎತ್ಕೊಂಡ ಅಂದ್ಕೊಂಡೆ. ಮೂವತ್ತೆರಡು ವರ್ಷ ಆಯ್ತು ನಾನವನ ಜೊತೆ ಮಾತು ಬಿಟ್ಟು. ಅವನು ಊರೇ ಬಿಟ್ಟು ಹೋದ. ನಿಮ್ಮಪ್ಪ ಸಾವಿನ ಮನೆಗೆ ಬಂದಿದ್ರು, ನಂಗೆ ನೆನಪಿದೆ. ಹೆಗಲಿಗೆ ಚೀಲ ಇತ್ತು.” ಅವರು ಎದ್ದು ಕುತ್ತಿಗೆಯ ಬಟ್ಟೆ ಕಿತ್ತರು. “ಭಾನುವಾರ ಬರ್ತೀನಿ. ಇದು ಹೇಗೆ ನಿಮ್ಮನೆಗೆ ಬಂತು ಅಂತ ಎಲ್ಲರೆದುರಿಗೆ ಹೇಳು. ಇಲ್ಲಾಂದ್ರೆ ಆ ಫೋಟೋ ಇಳಿಸು.”

“ಬಲಗಲ್ಲ ಮುಗಿಸ್ತೀನಿ, ಕೂತ್ಕೊಳ್ಳಿ.”

“ಬೇಡ.”

ಬೇಡ ಎಂದದ್ದು ಬೇಡವೇ. ಆ ಮನುಷ್ಯ ನಾಲ್ಕು ದಿನ ಬೇರೆ ಸಲೂನಿಗೂ ಹೋಗಲಿಲ್ಲ, ಮನೆಯಲ್ಲೂ ಗಡ್ಡ ಮುಟ್ಟಲಿಲ್ಲ. ಎಡಗಡೆ ನುಣ್ಣಗೆ, ಬಲಗಡೆ ಬಿಳಿ ಕೂಳೆ. ಹಾಲಿನಂಗಡಿ, ಬಸ್ ನಿಲ್ದಾಣ, ಔಷಧಿ ಅಂಗಡಿ ಎಲ್ಲ ಕಡೆ ಆ ಅರ್ಧ ಮುಖ ಹೊತ್ತು ತಿರುಗಿದರು. ಕೇಳಿದವರಿಗೆ, “ಇನ್ನರ್ಧ ಭಾನುವಾರ,” ಎನ್ನುತ್ತಿದ್ದರು. ಪತ್ರಿಕೆಯಲ್ಲಿ ಪೂರ್ತಿ ಪುಟ ಕೊಂಡಿದ್ದರೂ ಇಷ್ಟು ಪ್ರಚಾರ ಸಿಗುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ತಿಂಡಿಗೆ ಕೂತಾಗ ಮೊಟ್ಟೆ ಆರಿ ತಣ್ಣಗಾಯಿತು. ಸಲೂನಣ್ಣ ಫೋಟೋ ಇಳಿಸಿ ಮನೆಗೆ ತಂದಿದ್ದ. ಅದನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು, “ಅಮ್ಮಾ, ಇವತ್ತು ಹೇಳಲ್ಲ ಅಂದ್ರೆ ನಾಳೆಯಿಂದ ಇದು ಪೆಟ್ಟಿಗೆಯೊಳಗೆ,” ಎಂದ.

ಅಜ್ಜಿ ಫೋಟೋದ ಗಾಜನ್ನು ಸೆರಗಿನಲ್ಲಿ ಒರೆಸಿದಳು.

“ಕದ್ದಿದ್ದಲ್ಲ. ಕರೆದು ಕೊಟ್ಟಿದ್ದು,” ಎಂದಳು. “ಯಾರಾದ್ರೂ ತೀರಿಕೊಂಡ್ರೆ ಆ ಮನೆಯವರು ನಿಮ್ಮಪ್ಪನ್ನ ಹಿಂದಿನ ಬಾಗಿಲಿಂದ ಕರೆಸ್ತಿದ್ರು. ಕೊನೇ ಸಲ ಮುಖ ನೀಟಾಗಿರ್ಲಿ ಅಂತ. ಇವರು ತಮ್ಮ ಕತ್ತಿ ಬಳಸ್ತಿರ್ಲಿಲ್ಲ. ಸತ್ತವರದೇ ಕತ್ತಿ ಕೇಳ್ತಿದ್ರು. ಆ ಗದ್ದ ಆ ಕತ್ತಿಗೆ ಒಗ್ಗಿರುತ್ತೆ ಅಂತಿದ್ರು. ಆದ್ಮೇಲೆ ಅದನ್ನ ಆ ಮನೇಲಿ ಯಾರು ಮುಟ್ತಾರೆ? ಎಸೆಯೋಕೂ ಮನಸ್ಸು ಬರಲ್ಲ. ನೀವೇ ಇಟ್ಕೊಳ್ಳಿ ಅಂತ ಇವರ ಕೈಗೆ ಕೊಟ್ಟುಬಿಡ್ತಿದ್ರು. ಆ ಚಕ್ರದ್ದನ್ನ ಕೊಟ್ಟಿದ್ದು ಗಡಿಯಾರದವರ ಅಮ್ಮ. ಇವರಿಗೂ ಎಸೆಯೋಕಾಗ್ಲಿಲ್ಲ. ಪೆಟ್ಟಿಗೆ ಮಾಡ್ಸಿದ್ರು.”

ಮೊದಲು ಬಾಯಿ ಬಂದದ್ದು ಹೆಂಡತಿಗೆ. “ಅಯ್ಯೋ ಅತ್ತೆ! ಆ ಹೂವಿನ ಕತ್ತೀಲಿ ನಾನು ಬ್ಯಾಂಕಿನವರ ಪ್ಯಾಂಟು ಬಿಚ್ಚಿದೆನಲ್ಲ!”

“ಏನು ಬಿಚ್ಚಿದೆ?”

“ಹೊಲಿಗೆ ಕಣ್ರೀ, ಹೊಲಿಗೆ!”

“ಮೊದಲೇ ಯಾಕೆ ಹೇಳ್ಲಿಲ್ಲ ಅಜ್ಜಿ?” ಎಂದಳು ಮಗಳು.

“ಹೇಳಬೇಡ ಅಂದಿದ್ರು. ಹೆಣ ಮುಟ್ಟಿದ ಕೈ ಅಂತ ಗೊತ್ತಾದ್ರೆ ಬದುಕಿರೋರು ಯಾರೂ ಕುರ್ಚಿ ಹತ್ತಲ್ಲ ಅಂತ. ನಲವತ್ತೈದು ವರ್ಷ ಬಾಯಿ ಬಿಟ್ಟಿಲ್ಲ ನಾನು. ಇವನು ನೋಡಿದ್ರೆ ಕೈಯೇನು, ಕತ್ತೀನೇ ಮುಖಕ್ಕೆ ಹಾಕ್ದ.”

ಸಲೂನಣ್ಣ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಅಪ್ಪ ಕಳ್ಳನಲ್ಲವೆಂದು ಹೇಳಬೇಕಾದರೆ ಹನ್ನೊಂದು ಗಿರಾಕಿಗಳ ಗಲ್ಲದ ಮೇಲೆ ಹೆಣದ ಕತ್ತಿ ಆಡಿತೆಂದು ಹೇಳಬೇಕು. ಹೇಳದಿದ್ದರೆ ಸಲೂನು ಉಳಿಯುತ್ತದೆ, ಅಪ್ಪ ಉಳಿಯುವುದಿಲ್ಲ.

“ಸುಮ್ನಿರಿ,” ಎಂದಳು ಹೆಂಡತಿ. “ಮಾವ ಹೋಗಿಯಾಯ್ತು. ಅವರಿಗೆ ಇನ್ನು ಗಿರಾಕಿ ಬೇಕಾಗಿಲ್ಲ. ನಮಗೆ ಬೇಕು.”

“ನಿನ್ನ ಅಪ್ಪನಾಗಿದ್ರೆ ಹೀಗೇ ಹೇಳ್ತಿದ್ಯಾ?”

“ನನ್ನ ಅಪ್ಪ ದರ್ಜಿ. ಸತ್ತವರ ಅಳತೆ ತಗೊಂಡವರಲ್ಲ.”

“ಗಡಿಯಾರದವರಿಗೆ ಒಬ್ಬರಿಗೇ ಗುಟ್ಟಾಗಿ ಹೇಳಪ್ಪಾ,” ಎಂದಳು ಮಗಳು.

“ಅವರು ಗುಟ್ಟಾಗಿ ಕೇಳಿದ್ರೆ ಗುಟ್ಟಾಗಿ ಹೇಳಬಹುದಿತ್ತು.”

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಭಾವ ಕೈಯೆತ್ತಿದ. “ಒಂದ್ನಿಮಿಷ. ಸತ್ತವರ ಕತ್ತಿ ಅಂದ್ರೆ ಬೆಲೆ ಏರುತ್ತೋ, ಇಳಿಯುತ್ತೋ?”

ಯಾರಿಗೂ ಗೊತ್ತಿರಲಿಲ್ಲ.

ಭಾನುವಾರ ಸಲೂನಿನಲ್ಲಿ ಗಡ್ಡ ಬೆಳೆಯದವರೂ ಬಂದು ಕೂತಿದ್ದರು. ಗಡಿಯಾರದವರು ಹತ್ತು ಗಂಟೆಗೆ ಸರಿಯಾಗಿ, ಸೆಕೆಂಡು ಆಚೀಚೆ ಇಲ್ಲದೆ, ಮೆಟ್ಟಿಲು ಹತ್ತಿದರು. ಸಲೂನಣ್ಣ ಫೋಟೋವನ್ನು ಮತ್ತೆ ಮೊಳೆಗೆ ತಗುಲಿಸಿದ್ದ. ಹೇಳಬೇಕಾದ್ದನ್ನು ಅವನು ಕನ್ನಡಿಗೆ ಹೇಳಿದ. ಕನ್ನಡಿಯಲ್ಲಿ ಎಲ್ಲರ ಮುಖವೂ ಕಾಣುತ್ತಿತ್ತು, ಯಾರನ್ನೂ ನೇರವಾಗಿ ನೋಡಬೇಕಾಗಿರಲಿಲ್ಲ.

“ನಿಮ್ಮಪ್ಪ ಹೋದ ದಿನ ನಮ್ಮಪ್ಪ ಅವರಿಗೆ ಕೊನೇ ಶೇವ್ ಮಾಡಿದ್ರು. ಈ ಕತ್ತೀಲೇ. ಆಮೇಲೆ ನಿಮ್ಮಮ್ಮ ಇದನ್ನ ನಮ್ಮಪ್ಪನ ಕೈಗೆ ಕೊಟ್ರು. ಏಳೂ ಹಾಗೇ ಬಂದಿದ್ದು. ನಂಗೆ ನಿನ್ನೆವರೆಗೂ ಗೊತ್ತಿರ್ಲಿಲ್ಲ. ಗೊತ್ತಿಲ್ಲದೆ ನಿಮ್ಮ ಮುಖಕ್ಕೆಲ್ಲ ಹಾಕ್ದೆ. ಅದು ನನ್ನ ತಪ್ಪು. ನಮ್ಮಪ್ಪಂದಲ್ಲ.”

ಆ ಹನ್ನೊಂದು ಗಿರಾಕಿಗಳಲ್ಲಿ ಅಲ್ಲಿದ್ದವರ ಕೈಗಳೆಲ್ಲ ಒಟ್ಟಿಗೆ ಗಲ್ಲಕ್ಕೆ ಹೋದವು. ಬೇಕರಿಯವನು ಹೌಹಾರಿ ಎದ್ದ. “ನನ್ನ ಮುಖಕ್ಕೆ ಹೆಣದ ಕತ್ತಿ ಹಾಕಿದ್ಯಲ್ಲೋ! ಅದೂ ಎರಡೆರಡು ಸಲ! ಅದೂ ಡಬಲ್ ರೇಟಿಗೆ!” ಕಪಾಟಿನಲ್ಲಿದ್ದ ಸ್ಪಿರಿಟ್ ಬಾಟಲಿ ಎತ್ತಿ ಅಂಗೈಗೆ ಸುರಿದುಕೊಂಡು ಮುಖಕ್ಕೆ ತಿಕ್ಕಿಕೊಂಡ. ಕಣ್ಣು ಉರಿದು, ಗೋಡೆ ತಡವುತ್ತ ಹೊರಗೆ ಓಡಿದ. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರು ಹೋದರು.

ಗಡಿಯಾರದವರು ಮಾತ್ರ ನಿಂತಿದ್ದರು.

“ಅಮ್ಮನೇ ಕೊಟ್ಟಳಾ?”

“ಹೌದಂತೆ.”

“ನಮಗೆ ಹೇಳಲೇ ಇಲ್ಲ. ನಾನೂ ಕೇಳಲಿಲ್ಲ, ನೇರವಾಗಿ ತಮ್ಮನ ಕುತ್ತಿಗೆ ಪಟ್ಟಿ ಹಿಡಿದೆ.”

ಸಲೂನಣ್ಣ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಮುಂದೆ ಹಿಡಿದ. ಅವರು ತೆಗೆದುಕೊಳ್ಳಲಿಲ್ಲ. “ಅವಳು ಕೊಟ್ಟಿದ್ದನ್ನ ವಾಪಸ್ ತಗೊಳ್ಳೋಕೆ ನಾನ್ಯಾರು?” ಎಂದು ಮೆಟ್ಟಿಲಿಳಿದರು. ಅಂಗಡಿಯ ಕಡೆಗಲ್ಲ, ಬಸ್ ನಿಲ್ದಾಣದ ಕಡೆಗೆ, ಅರ್ಧ ಗಡ್ಡದಲ್ಲೇ.

ಸತ್ಯ ಹೇಳಿದ ಮೇಲೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ಸಲೂನಣ್ಣನ ಮಟ್ಟಿಗೆ ಹಗುರಾದದ್ದು ಗಲ್ಲಾಪೆಟ್ಟಿಗೆ. ಬೀದಿಯ ಜನ ಮುಂದಿನ ಚೌಕದ ಗಾಜಿನ ಸಲೂನಿಗೆ ತಿರುಗಿದರು. ಎರಡು ವಾರದಲ್ಲಿ ಬಂದವರು ಮೂವರು. ಒಬ್ಬ ದಾರಿ ಕೇಳಲು, ಒಬ್ಬ ಚಿಲ್ಲರೆಗೆ, ಒಬ್ಬ ಪರಊರಿನವನು. ಆ ಪರಊರಿನವನನ್ನೂ ಅರ್ಧ ಕಟಿಂಗಿನಲ್ಲಿ ಯಾರೋ ಕಿಟಕಿಯಿಂದ ಸನ್ನೆ ಮಾಡಿ ಕರೆದುಕೊಂಡು ಹೋದರು. ಮನೆ ಹೆಂಡತಿಯ ಹೊಲಿಗೆ ಮಷೀನಿನ ಮೇಲೆ ಓಡತೊಡಗಿತು. ಮೇಜಿನ ಮೇಲೆ ಮೊಟ್ಟೆ ನಿಂತಿತು. ಆಲೂಗಡ್ಡೆ ಮಾತ್ರ ನಿಲ್ಲಲಿಲ್ಲ.

“ಮಧ್ಯದ ಕುರ್ಚಿ ಈಗ ಇಳಿಯಲ್ಲ ನೋಡಿ,” ಎಂದಳು ಹೆಂಡತಿ. “ಕೂರೋರೇ ಇಲ್ಲ.”

“ಚುಚ್ಚು. ನೀನೂ ಚುಚ್ಚು. ಸೂಜಿ ಕೈಯಲ್ಲೇ ಇದೆಯಲ್ಲ.”

ಹಳೇ ಸಾಮಾನಿನವನು ಹೇಳಿದ್ದಂತೆ ಮತ್ತೆ ಬಂದ. ಗುರುತುಗಳನ್ನು ನೋಡಿ ತಲೆಯಾಡಿಸಿದ. ಕಥೆ ಕೇಳಿ ತಲೆಯಾಡಿಸುವುದನ್ನು ನಿಲ್ಲಿಸಿದ. “ಸೆಟ್ ಅಲ್ಲ. ಆದ್ರೆ ಕಥೆ ಭರ್ಜರಿ ಇದೆ. ಕಥೆ ಕೊಳ್ಳೋರೂ ಇದ್ದಾರೆ. ಅರವತ್ತು ಸಾವಿರ ಕೊಡಿಸ್ತೀನಿ. ಕೊಟ್ಟವರ ಒಂದಾದ್ರೂ ಚೀಟಿ, ಕಾಗದ ಇದೆಯಾ?”

“ಸತ್ತವರ ಮನೇಲಿ ಚೀಟಿ ಕೇಳ್ತಾರೇನಯ್ಯಾ?” ಎಂದಳು ಅಜ್ಜಿ.

“ಹಾಗಾದ್ರೆ ಹತ್ತು ಸಾವಿರ.”

ಭಾವ ಹತ್ತಕ್ಕೂ ಅರವತ್ತಕ್ಕೂ ಮಧ್ಯೆ ಬಾಯಿ ತೆರೆದು ನಿಂತ. ಹೆಂಡತಿ ಗಂಡನ ಮುಖ ನೋಡಿದಳು. ಒಮ್ಮೆಯಾದರೂ ಹೂಂ ಅನ್ನಲಿ ಎಂಬ ಆಸೆ ಅವಳ ಮುಖದಲ್ಲಿತ್ತು. ಸಲೂನಣ್ಣ ಪೆಟ್ಟಿಗೆ ಮುಚ್ಚಿದ. “ಇಲ್ಲ. ಅಪ್ಪ ಮಾರಲಿಲ್ಲ. ಯಾಕೆ ಅಂತ ಕೇಳಬೇಡಿ, ನಂಗೂ ಗೊತ್ತಿಲ್ಲ.”

ಮೂರನೆಯ ವಾರದ ಒಂದು ಬೆಳಿಗ್ಗೆ ಮನೆಯ ಹಿಂದಿನ ಬಾಗಿಲು ತಟ್ಟಿದ ಸದ್ದಾಯಿತು. ಹೆಂಡತಿ ತೆಗೆದರೆ ಬೇಕರಿಯವನು. ಹಿಟ್ಟಿನ ಏಪ್ರನ್ ಬಿಚ್ಚಿರಲಿಲ್ಲ. ಸ್ಪಿರಿಟ್ಟಿನಿಂದ ಸುಲಿದಿದ್ದ ಗಲ್ಲದ ಚರ್ಮ ಈಗಷ್ಟೇ ಮಾಗಿತ್ತು.

“ಅಪ್ಪ ಹೋದ್ರು,” ಎಂದ. “ಆಸ್ಪತ್ರೇಲಿ ಹದಿನೆಂಟು ದಿನ. ದಿನಾ ಶೇವ್ ಮಾಡ್ಕೊಳ್ತಿದ್ದವರು. ಹೀಗೇ ಕಳಿಸೋಕೆ ಅಮ್ಮ ಒಪ್ತಿಲ್ಲ.” ನೆಲ ನೋಡುತ್ತ ಸೇರಿಸಿದ, “ಗಾಜಿನ ಸಲೂನಿನವನು ಬರಲ್ಲ ಅಂದ.”

ಹೆಂಡತಿ ಬಾಯಿ ತೆರೆದಳು. ಎರಡು ವಾರದ ಮಾತುಗಳು ಸಾಲಾಗಿ ನಿಂತಿದ್ದವು. ಒಂದನ್ನೂ ಆಡದೆ ಒಳಗೆ ಹೋಗಿ ಗಂಡನ ಬಿಳಿ ಅಂಗಿ ತಂದಳು.

ಬೇಕರಿಯ ಮೇಲಿನ ಕೋಣೆಯಲ್ಲಿ ಬಿಸಿನೀರಿತ್ತು, ಹೊಸ ಟವೆಲ್ ಇತ್ತು. ಸಲೂನಣ್ಣ ಮೊದಲು, “ಅವರ ರೇಜರ್ ಎಲ್ಲಿ?” ಎಂದು ಕೇಳಿದ. ಕೇಳಿದ ಮೇಲೆ ತನ್ನ ದನಿಯಲ್ಲಿ ಬೇರೊಬ್ಬರ ದನಿ ಕೇಳಿದಂತಾಗಿ ತಿರುಗಿ ನೋಡಿದ. ಮುದುಕಿ ಒಂದು ನೀಲಿ ಪ್ಲಾಸ್ಟಿಕ್ ರೇಜರ್ ತಂದುಕೊಟ್ಟಳು. ಅಂಗಡಿಯಲ್ಲಿ ಐದರ ಪ್ಯಾಕೆಟ್ಟಿನಲ್ಲಿ ಸಿಗುವಂಥದ್ದು. ಬದುಕಿರುವ ಗಲ್ಲ ಕತ್ತಿ ಬಂದ ಕಡೆ ಬಿಗಿಯುತ್ತದೆ, ಉಸಿರು ಹಿಡಿಯುತ್ತದೆ. ಇದು ಏನೂ ಮಾಡಲಿಲ್ಲ. ಎಡಗೈ ಬೆರಳಿನಿಂದ ಅವನೇ ಚರ್ಮ ಬಿಗಿ ಹಿಡಿಯಬೇಕಾಯಿತು.

“ಸ್ವಲ್ಪ ಈ ಕಡೆ ತಿರುಗಿ ಯಜಮಾನ್ರೇ,” ಎಂದುಬಿಟ್ಟ, ಅಭ್ಯಾಸ ಬಲದಿಂದ. ಬೇಕರಿಯವನಿಗೆ ನಗು ಬಂತು. ಅದರ ಬೆನ್ನಿಗೇ ಅಳು ಬಂತು. ಹದಿನೆಂಟು ದಿನದ ಅಳು.

ಮುಗಿದಾಗ ಮುಖ ಹತ್ತು ವರ್ಷ ಹಿಂದಕ್ಕೆ ಹೋಗಿತ್ತು. ಮುದುಕಿ ರೇಜರನ್ನು ತೊಳೆದು, ಕಾಗದದಲ್ಲಿ ಸುತ್ತಿ, ಎರಡೂ ಕೈಯಿಂದ ಅವನ ಕೈಗಿಟ್ಟಳು. ಮೆಟ್ಟಿಲ ಬಳಿ ಬೇಕರಿಯವನು ಗದ್ದ ತುರಿಸಿಕೊಂಡ. “ಮುಂದಿನ ವಾರ ನಾನು ಬರ್ತೀನಿ ಸಲೂನಣ್ಣಾ. ಮುಂದಿನ ಬಾಗಿಲಿಂದ. ಆದ್ರೆ… ಹೊಸ ಬ್ಲೇಡು.”

“ಪ್ಯಾಕೆಟ್ ನಿನ್ನೆದುರಿಗೇ ಒಡೀತೀನಿ.”

ಮನೆಯಲ್ಲಿ ಎಲ್ಲರೂ ಮೇಜಿನ ಸುತ್ತ ಕಾಯುತ್ತಿದ್ದರು. ಭಾವನೂ ಇದ್ದ.

“ಎಷ್ಟು ಕೊಟ್ರು?” ಎಂದಳು ಹೆಂಡತಿ.

“ಕೇಳ್ಲಿಲ್ಲ.” ಸಲೂನಣ್ಣ ಜೇಬಿನಿಂದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ಅಳಬೇಕೋ ಊಟಕ್ಕೆ ಕೂರಬೇಕೋ ತಿಳಿಯದೆ ನಿಂತೇ ಇದ್ದ.

ಭಾವ ಪೊಟ್ಟಣ ಬಿಚ್ಚಿ ನೀಲಿ ಪ್ಲಾಸ್ಟಿಕ್ಕನ್ನು ಎತ್ತಿ ಹಿಡಿದ. “ಇದನ್ನ ಯಾವನೂ ಕೊಳ್ಳಲ್ಲ ಕಣಯ್ಯಾ.”

“ಆ ಕಾಗದ ಕೊಡಿ ಮಾವ,” ಎಂದಳು ಮಗಳು. ಅದು ಬೇಕರಿಯ ಬಿಲ್ಲು. ಹಿಂಬದಿಯಲ್ಲಿ ಪೆನ್ಸಿಲ್ಲಿನ ನಡುಗುವ ಅಕ್ಷರಗಳಿದ್ದವು. ಅವಳು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ಗಟ್ಟಿಯಾಗಿ ಓದಿದಳು.

“‘ನಮ್ಮ ಯಜಮಾನರ ರೇಜರ್. ನಾನೇ ಕೊಟ್ಟದ್ದು.’ ಕೆಳಗೆ ಸಹಿ ಇದೆ. ಇವತ್ತಿನ ತಾರೀಖೂ ಇದೆ.”

“ಯಾರು ಕೇಳಿದ್ರು ಬರೀರಿ ಅಂತ?” ಎಂದಳು ಹೆಂಡತಿ.

“ಯಾರೂ ಕೇಳ್ಲಿಲ್ಲ,” ಎಂದ ಸಲೂನಣ್ಣ.

ಅಜ್ಜಿ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. “ಇನ್ನೊಂದ್ಸಲ ಓದೇ,” ಎಂದಳು ಮೊಮ್ಮಗಳಿಗೆ. “ಸ್ವಲ್ಪ ಜೋರಾಗಿ.”